ಜ್ವರಕ್ಕೆ ಕೂತ ಹುಳುವನ್ನು ಮುಟ್ಟಬೇಡಿ: ಬೆನ್ನೆಲುಬಿಲ್ಲದ ಜೀವಿಗಳನ್ನು ಡಬ್ಬದಲ್ಲಿ ಸಾಕುವ ಬಗೆ

ರೇಷ್ಮೆ ಸಾಕುವವರ ಮನೆಯಲ್ಲಿ ಹುಳು ಸೊಪ್ಪು ಬಿಟ್ಟು, ತಲೆ ಎತ್ತಿ, ಅಲುಗಾಡದೆ ಕೂತರೆ ‘ಜ್ವರಕ್ಕೆ ಕೂತಿದೆ’ ಎನ್ನುತ್ತಾರೆ. ಅದು ಕಾಯಿಲೆಯಲ್ಲ, ಹಳೆಯ ಚರ್ಮ ಕಳಚುವ ಹೊತ್ತು. ಗೂಡು ಕಟ್ಟುವುದರೊಳಗೆ ರೇಷ್ಮೆಹುಳು ಇಂಥ ನಾಲ್ಕು ಜ್ವರ ದಾಟುತ್ತದೆ. ಆಗ ಸೊಪ್ಪು ಹಾಕುವುದಿಲ್ಲ; ಹಾಸಿಗೆ ಒಣಗಿರಲೆಂದು ಸುಣ್ಣದ ಪುಡಿ ಉದುರಿಸಿ, ಗಾಳಿಯಾಡಲು ಬಿಟ್ಟು, ಹೆಚ್ಚುಕಡಿಮೆ ಎಲ್ಲ ಹುಳು ಎದ್ದ ಮೇಲಷ್ಟೇ ಮತ್ತೆ ಸೊಪ್ಪು ಕೊಡುತ್ತಾರೆ.

ಚಿಟ್ಟೆಯ ಮರಿಹುಳುವನ್ನೋ ಬೇಟೆಯಾಡುವ ಕೀಟ ಮ್ಯಾಂಟಿಸನ್ನೋ ಸಹಸ್ರಪದಿಯನ್ನೋ ಡಬ್ಬದಲ್ಲಿ ಸಾಕಲು ಹೊರಟವರಿಗೂ ಮೊದಲ ಪಾಠ ಇದೇ. ಇವು ಹಸಿವಿನಿಂದ ಸಾಯುವುದು ಕಡಿಮೆ. ಪೊರೆ ಬಿಡುವಾಗ ಯಾರೋ ಮುಟ್ಟಿದ್ದರಿಂದ ಸಾಯುತ್ತವೆ, ಇಲ್ಲವೇ ತೇವ ಮತ್ತು ಗಾಳಿಯ ಲೆಕ್ಕ ತಪ್ಪಿ ಸಾಯುತ್ತವೆ.

ಹೆಸರಿಟ್ಟು ಗುರುತಿಸಿರುವ ಪ್ರಾಣಿಗಳಲ್ಲಿ ನೂರಕ್ಕೆ ಸುಮಾರು 95 ಬೆನ್ನೆಲುಬಿಲ್ಲದವೇ. ಆದರೆ ಸಾಕುವವರಿಗೆ ಬೇಕಾದ ವಿಂಗಡಣೆ ಸರಳ: ಆ ಜೀವಿ ಮೈಯ ನೀರನ್ನು ಹೇಗೆ ಹಿಡಿದಿಟ್ಟುಕೊಳ್ಳುತ್ತದೆ? ಕೀಟದ ಹೊರಚಿಪ್ಪಿನ ಮೇಲೆ ಮೇಣದ ತೆಳುಪದರ ಇರುತ್ತದೆ, ಉಸಿರಾಟ ಮೈಯ ಪಕ್ಕದ ಸಣ್ಣ ರಂಧ್ರಗಳ ಮೂಲಕ. ಅದು ಒಣಗಾಳಿಯನ್ನು ತಡೆದೀತು, ಗೋಡೆಯಲ್ಲಿ ನೀರು ಇಳಿಯುವ ಡಬ್ಬವನ್ನು ತಡೆಯದು. ಸಹಸ್ರಪದಿಗೆ ಮೇಣದ ಆಸರೆ ಅಷ್ಟಿಲ್ಲ, ಹಾಗಾಗಿ ಅದಕ್ಕೆ ತೇವದ ಮಣ್ಣು ಬೇಕು. ಎರೆಹುಳು ಉಸಿರಾಡುವುದೇ ಚರ್ಮದಿಂದ; ಚರ್ಮ ಒಣಗಿದರೆ ಉಸಿರು ಕಟ್ಟುತ್ತದೆ. ‘ಎಲ್ಲ ಹುಳಕ್ಕೂ ದಿನಾ ನೀರು ಸಿಂಪಡಿಸಿ’ ಎಂಬ ಸಲಹೆಯಲ್ಲಿ ಅರ್ಥವಿಲ್ಲದಿರುವುದು ಇದಕ್ಕೇ.

ಯಾವುದನ್ನು ಸಾಕಬಾರದು

ಅಭಯಾರಣ್ಯ, ರಾಷ್ಟ್ರೀಯ ಉದ್ಯಾನದಿಂದ ಒಂದು ಮೊಟ್ಟೆಯನ್ನೂ ತರುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಅನುಸೂಚಿಗಳಲ್ಲಿ ಚಿಟ್ಟೆಗಳೂ ಇವೆ, 2022ರ ತಿದ್ದುಪಡಿಯಲ್ಲಿ ಆ ಪಟ್ಟಿಗಳು ಪೂರ್ತಿ ಬದಲಾಗಿವೆ. ಹಳೆಯ ಪುಸ್ತಕದ ಪಟ್ಟಿಯನ್ನು ನಂಬದೆ ಈಗಿನದನ್ನು ನೋಡಿ. ಈಶ್ವರಿ ಬಳ್ಳಿಯ ಮೇಲೆ ದಪ್ಪನೆಯ ಕಪ್ಪು-ಕೆಂಪು ಮುಳ್ಳಿನ ಹುಳು ಕಂಡರೆ ಅಲ್ಲೇ ಬಿಡಿ. ನಮ್ಮ ರಾಜ್ಯದ ಚಿಟ್ಟೆಯಾದ ಸದರ್ನ್ ಬರ್ಡ್‌ವಿಂಗ್‌ನ ಮರಿಹುಳು ತಿನ್ನುವುದೂ ಅದೇ ಜಾತಿಯ ಬಳ್ಳಿಗಳನ್ನು.

ಸಾಕುಪ್ರಾಣಿಗಳೆಂದು ಮಾರಾಟವಾಗುವ ಎಂಪರರ್ ಚೇಳು, ಮೆಕ್ಸಿಕೋದ ಕೆಂಪು ಮಂಡಿಯ ಟರಾಂಟುಲಾ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಣದ ಸೈಟಿಸ್ ಪಟ್ಟಿಯಲ್ಲಿವೆ. ಅಂಥವನ್ನು ಇಟ್ಟುಕೊಂಡರೆ 2024ರ ನಿಯಮಗಳ ಪ್ರಕಾರ ನೋಂದಣಿ ಮಾಡಿಸಲೇಬೇಕು. ಪಶ್ಚಿಮಘಟ್ಟದಲ್ಲೂ ಇರುವ ಪೊಸಿಲೋಥೀರಿಯ ಕುಲದ ಮರಜೇಡಗಳು 2019ರಲ್ಲಿ ಆ ಪಟ್ಟಿ ಸೇರಿದವು. ಜರಿ, ಚೇಳು ವಿಷದವು. ಮಕ್ಕಳಿರುವ ಮನೆಗೆ ಬೇಡ.

ಆಫ್ರಿಕಾದ ದೈತ್ಯ ಬಸವನಹುಳುವಂತೂ ಬೇಡವೇ ಬೇಡ. 1847ರಲ್ಲಿ ಕೋಲ್ಕತ್ತಕ್ಕೆ ತಂದು ಬಿಟ್ಟದ್ದು ಇಂದು ಅಡಿಕೆ, ಬಾಳೆ, ಹಿಪ್ಪುನೇರಳೆ ತೋಟಗಳವರೆಗೂ ಹಬ್ಬಿದೆ. ಒಂದು ಸಲಕ್ಕೆ ನೂರಾರು ಮೊಟ್ಟೆ ಇಡುವ ಅದರ ಲೋಳೆಯಲ್ಲಿ ಇಲಿಗಳ ಶ್ವಾಸಕೋಶದ ಜಂತಿನ ಮರಿಗಳು ಇರಬಹುದು. ಅವು ಮನುಷ್ಯರಲ್ಲಿ ಮೆದುಳಿನ ಪೊರೆಗೆ ಉರಿಯೂತ ತರುತ್ತವೆ. ಮಳೆಗಾಲದಲ್ಲಿ ಮಕ್ಕಳು ಡಬ್ಬಕ್ಕೆ ತುಂಬಿಕೊಂಡು ಬರುವುದು ಹೆಚ್ಚಾಗಿ ಇದನ್ನೇ. ಮುಟ್ಟಿದ್ದರೆ ಸೋಪು ಹಾಕಿ ಕೈ ತೊಳೆಸಿ.

ಡಬ್ಬ

ಐದು ಲೀಟರಿನ ಪಾರದರ್ಶಕ ಪ್ಲಾಸ್ಟಿಕ್ ಡಬ್ಬ ಸಾಕು. ಮುಚ್ಚಳದ ನಡುಭಾಗ ಕತ್ತರಿಸಿ ತೆಗೆದು ಅಲ್ಲಿಗೆ ಸೊಳ್ಳೆಪರದೆಯ ಬಟ್ಟೆ ಅಂಟಿಸಿ. ಇಷ್ಟಕ್ಕೇ ನಿಲ್ಲಿಸುವವರು ಬಹಳ, ತಪ್ಪಾಗುವುದೂ ಅಲ್ಲೇ. ಮೇಲೆ ಮಾತ್ರ ಕಿಂಡಿ ಇದ್ದರೆ ಒದ್ದೆಗಾಳಿ ತಳದಲ್ಲೇ ಕೂತು ಬೂಷ್ಟು ಹಿಡಿಯುತ್ತದೆ. ತಳದಿಂದ ಎರಡು ಬೆರಳು ಮೇಲೆ, ಒಂದೇ ಪಕ್ಕದಲ್ಲಿ, ಕಾಯಿಸಿದ ಸೂಜಿಯಿಂದ ಹದಿನೈದಿಪ್ಪತ್ತು ತೂತು ಹಾಕಿ. ಕೆಳಗಿನಿಂದ ಒಳಬಂದ ಗಾಳಿ ಮೇಲಿನಿಂದ ಹೊರಹೋಗುತ್ತದೆ.

ಬೆಳಿಗ್ಗೆ ಎದ್ದಾಗ ಡಬ್ಬದ ಗೋಡೆ ನೋಡಿ. ಸಂಜೆ ಸಿಂಪಡಿಸಿದ ಹನಿ ರಾತ್ರಿಯೊಳಗೆ ಆರಿದ್ದರೆ ಸರಿ. ಬೆಳಿಗ್ಗೆಯೂ ಗೋಡೆ ಮಸುಕಾಗಿದ್ದರೆ ಗಾಳಿ ಸಾಲದು, ಇನ್ನಷ್ಟು ತೂತು ಹಾಕಿ. ತೇವ ಅಳೆಯುವ ಮಾಪಕ ಕೊಳ್ಳುವ ಮೊದಲು ಈ ಅಭ್ಯಾಸ ಮಾಡಿಕೊಳ್ಳುವುದೇ ಮೇಲು. ಡಬ್ಬಕ್ಕೆ ನೇರ ಬಿಸಿಲು ತಗಲಬಾರದು. ಕಿಟಕಿಯ ಬಿಸಿಲಲ್ಲಿ ಮುಚ್ಚಿದ ಪ್ಲಾಸ್ಟಿಕ್ಕು ಅರ್ಧ ಗಂಟೆಯಲ್ಲೇ ಒಳಗಿನದನ್ನು ಬೇಯಿಸಿಬಿಡುತ್ತದೆ.

ಎಕ್ಕದ ಹುಳು: ಶುರುಮಾಡಲು ಇದೇ ಸರಿ

ಪ್ಲೇನ್ ಟೈಗರ್ ಚಿಟ್ಟೆಯ ಮರಿಹುಳು ಎಕ್ಕದ ಎಲೆ ತಿನ್ನುತ್ತದೆ. ಕಪ್ಪು, ಬಿಳಿ, ಹಳದಿ ಪಟ್ಟೆ, ಬೆನ್ನಿನ ಮೇಲೆ ಮೂರು ಜೊತೆ ಕಪ್ಪು ಎಳೆಗಳು. ಬೇರೆ ಹುಳು ಎಂದು ಮೋಸಹೋಗುವಂತಿಲ್ಲ. ಎಕ್ಕಕ್ಕೆ ಯಾರೂ ಔಷಧಿ ಹೊಡೆಯುವುದಿಲ್ಲ ಎಂಬುದೇ ಇದರ ದೊಡ್ಡ ಅನುಕೂಲ. ಕರಿಬೇವು, ನಿಂಬೆ ತಿನ್ನುವ ಕಾಮನ್ ಮಾರ್ಮನ್, ಲೈಮ್ ಚಿಟ್ಟೆಗಳನ್ನೂ ಹೀಗೇ ಸಾಕಬಹುದು. ಆದರೆ ಮಾರುಕಟ್ಟೆಯ ಕರಿಬೇವಿನಲ್ಲಿ ಕೀಟನಾಶಕದ ಉಳಿಕೆ ಇರಬಹುದು, ತೊಳೆದರೂ ಪೂರ್ತಿ ಹೋಗದು. ನರ್ಸರಿಯಿಂದ ತಂದ ಗಿಡಕ್ಕೆ ಇಮಿಡಾಕ್ಲೋಪ್ರಿಡ್‌ನಂಥ ಔಷಧಿ ಕೊಟ್ಟಿದ್ದರೆ ಅದು ಎಲೆಯ ರಸದೊಳಗೇ ತಿಂಗಳುಗಟ್ಟಲೆ ಉಳಿಯುತ್ತದೆ. ತಿಂದ ಹುಳು ನಡುಗಿ, ಹಸಿರು ನೀರು ಕಕ್ಕಿ, ಒಂದೆರಡು ದಿನದಲ್ಲಿ ಸಾಯುತ್ತದೆ. ಹಿತ್ತಲಲ್ಲೇ ಬೆಳೆದ ಗಿಡವಿದ್ದರೆ ಮಾತ್ರ ಅವುಗಳಿಗೆ ಕೈಹಾಕಿ.

ದೊಡ್ಡ ಹುಳು ಹಿಡಿದು ತರಬೇಡಿ. ಅಷ್ಟರಲ್ಲಿ ಪರಾವಲಂಬಿ ನೊಣವೋ ಕಣಜವೋ ಅದರ ಮೈಮೇಲೋ ಒಳಗೋ ಮೊಟ್ಟೆ ಇಟ್ಟಾಗಿರಬಹುದು. ಚಿಟ್ಟೆ ಬರಬೇಕಾದ ದಿನ ಗೂಡಿನಿಂದ ಅಂಟಿನ ದಾರ ಇಳಿದು ತಳದಲ್ಲಿ ಬಿಳಿ ಹುಳ ಬಿದ್ದಿದ್ದರೆ ಅದು ನೊಣದ ಕೆಲಸ. ರೇಷ್ಮೆಯವರಿಗೆ ಊಜಿ ನೊಣ ಗೊತ್ತು. 1980ರಲ್ಲಿ ಕರ್ನಾಟಕಕ್ಕೆ ಕಾಲಿಟ್ಟ ಅದು ಇಂದಿಗೂ ಸಾಕುಮನೆಗಳ ಕಿಟಕಿಗೆ ಬಲೆ ಹಾಕಿಸುತ್ತಿದೆ. ಎಲೆಯ ಮೇಲಿನ ಒಂಟಿ ಬಿಳಿಚು ಮೊಟ್ಟೆಯನ್ನು ಎಲೆಸಮೇತ ತನ್ನಿ. ಮೂರು ನಾಲ್ಕು ದಿನದಲ್ಲಿ ಒಡೆಯುತ್ತದೆ.

ಮೊದಲ ವಾರ ಡಬ್ಬಕ್ಕೆ ಕಾಗದ ಹಾಸಿ, ಎಳೆಯ ಎಲೆ ಇಟ್ಟು, ದಿನಕ್ಕೊಮ್ಮೆ ಎಲೆ ಬದಲಿಸಿ. ಹುಳುವನ್ನು ಬೆರಳಲ್ಲಿ ಎತ್ತಬಾರದು. ಅದು ಕೂತ ಎಲೆಯ ತುಂಡನ್ನೇ ಕತ್ತರಿಸಿ ಹೊಸ ಎಲೆಯ ಮೇಲಿಡಿ, ತಾನೇ ದಾಟುತ್ತದೆ. ದೊಡ್ಡದಾದ ಮೇಲೆ ಒಂದು ರೆಂಬೆಯನ್ನು ಸಣ್ಣ ಬಾಟಲಿಯ ನೀರಿನಲ್ಲಿ ನಿಲ್ಲಿಸಿ, ಬಾಟಲಿಯ ಬಾಯಿಗೆ ಹತ್ತಿ ತುರುಕಿ. ಹತ್ತಿ ಮರೆತರೆ ಹುಳು ಕಾಂಡದುದ್ದಕ್ಕೂ ಇಳಿದು ನೀರಿಗೆ ಬೀಳುವುದು ಖಚಿತ. ಎಕ್ಕದ ಹಾಲು ಕಣ್ಣಿಗೆ ಬಿದ್ದರೆ ತೀವ್ರ ಉರಿ, ಕಣ್ಣಿನ ಕರಿಭಾಗಕ್ಕೇ ಹಾನಿ. ಕತ್ತರಿಸುವಾಗ ಕೈಗವಸು ಹಾಕಿಕೊಳ್ಳಿ, ಮುಗಿದ ಮೇಲೆ ಕೈ ತೊಳೆಯಿರಿ, ಮಕ್ಕಳ ಕೈಗೆ ಕೊಡಬೇಡಿ. ಹುಳು ಎಲೆಯ ನರವನ್ನು ಮೊದಲೇ ಕಡಿದು, ಹಾಲು ಹರಿದುಹೋದ ಮೇಲೆ ತಿನ್ನಲು ಶುರುಮಾಡುವುದನ್ನು ಗಮನಿಸಿ; ತನ್ನ ಊಟದ ಉಪಾಯ ಅದಕ್ಕೆ ನಮಗಿಂತ ಚೆನ್ನಾಗಿ ಗೊತ್ತು.

ಐದು ಲೀಟರಿನ ಡಬ್ಬಕ್ಕೆ ಬಲಿತ ಹುಳು ಐದಾರು ಮಾತ್ರ. ಗುಂಪು ಹೆಚ್ಚಿದರೆ ಹಿಕ್ಕೆ ಹೆಚ್ಚು, ಒದ್ದೆ ಹೆಚ್ಚು, ರೋಗ ಬರುತ್ತದೆ. ಆ ರೋಗಗಳನ್ನು ಗುರುತಿಸಲು ರೇಷ್ಮೆಯವರ ಹೆಸರುಗಳೇ ಸಾಕು. ಮೈ ಊದಿ, ಮುಟ್ಟಿದರೆ ಹಾಲಿನಂಥ ದ್ರವ ಒಸರಿದರೆ ಹಾಲು ರೋಗ. ಇದಕ್ಕೆ ವೈರಸ್ ಕಾರಣ. ಎಲೆ ಬಿಟ್ಟು, ಜೋತುಬಿದ್ದು, ಮೆತ್ತಗಾಗಿ ಕಪ್ಪಾದರೆ ಸಪ್ಪೆ ರೋಗದ ಲಕ್ಷಣ. ಸತ್ತ ಹುಳು ಗಟ್ಟಿಯಾಗಿ ಸುಣ್ಣ ಬಳಿದಂತಾದರೆ ಸುಣ್ಣಕಟ್ಟು. ಇದು ಬೂಷ್ಟಿನ ರೋಗ, ತಂಪು ಮತ್ತು ಒದ್ದೆ ಇದ್ದಲ್ಲಿ ಬರುತ್ತದೆ. ಮೂರಕ್ಕೂ ಮನೆಯಲ್ಲಿ ಮದ್ದಿಲ್ಲ. ಕಾಯಿಲೆಯದನ್ನು ಎಲೆಸಮೇತ ತೆಗೆದು ಸುಟ್ಟುಹಾಕಿ, ಉಳಿದವನ್ನು ಬೇರೆ ಡಬ್ಬಕ್ಕೆ ಸಾಗಿಸಿ. ಹಳೆಯ ಡಬ್ಬವನ್ನು ಒಂದು ಲೀಟರ್ ನೀರಿಗೆ 20 ಗ್ರಾಂ ಬ್ಲೀಚಿಂಗ್ ಪುಡಿ, 3 ಗ್ರಾಂ ಸುಣ್ಣ ಬೆರೆಸಿದ ದ್ರಾವಣದಲ್ಲಿ ನೆನೆಸಿ, ತೊಳೆದು, ಒಂದು ಪೂರ್ತಿ ದಿನ ಬಿಸಿಲಿಗಿಡಿ. ಸಾಕುಮನೆಯ ಸೋಂಕು ನಿವಾರಣೆಯಲ್ಲಿ ಬಳಸುವ ಪ್ರಮಾಣವೂ ಇದೇ: ನೂರಕ್ಕೆ 2 ಬ್ಲೀಚಿಂಗ್, 0.3 ಸುಣ್ಣ.

ಎರಡು ವಾರದ ಆಸುಪಾಸಿನಲ್ಲಿ ಹುಳು ತಿನ್ನುವುದನ್ನು ಬಿಟ್ಟು, ಒದ್ದೆ ಹಿಕ್ಕೆ ಹಾಕಿ, ಡಬ್ಬವೆಲ್ಲ ಸುತ್ತುತ್ತದೆ. ಹಸಿದಿದೆ ಎಂದುಕೊಂಡು ಎಲೆ ತುರುಕಬೇಡಿ, ಅದು ಗೂಡಾಗುವ ಜಾಗ ಹುಡುಕುತ್ತಿದೆ. ಮುಚ್ಚಳಕ್ಕೆ ತಲೆಕೆಳಗಾಗಿ ಜೋತುಬಿದ್ದ ಮೇಲೆ ಒಂದು ದಿನ ಮುಚ್ಚಳವನ್ನೇ ತೆರೆಯಬಾರದು. ಬೆಚ್ಚಗಿದ್ದರೆ ಗೂಡಿನ ಹಂತ 7ರಿಂದ 10 ದಿನ. ಹಿಂದಿನ ದಿನ ಗೂಡು ಕಪ್ಪಾಗಿ ರೆಕ್ಕೆಯ ಕಿತ್ತಳೆ ಬಣ್ಣ ಕಾಣುತ್ತದೆ. ಹೊರಬಂದ ಚಿಟ್ಟೆ ರೆಕ್ಕೆ ಕೆಳಗೆ ಇಳಿಬಿಟ್ಟು ತೂಗಾಡಲು ಅದರ ರೆಕ್ಕೆಯುದ್ದಕ್ಕಿಂತ ಹೆಚ್ಚು ಜಾಗ ಬೇಕು. ರೆಕ್ಕೆ ತಳಕ್ಕೆ ತಾಗಿದರೆ ಸುಕ್ಕಾಗಿಯೇ ಗಟ್ಟಿಯಾಗುತ್ತದೆ, ಆಮೇಲೆ ಸರಿಹೋಗದು. ಜೊತೆಗೆ ಬೀಳುವ ಕೆಂಪುಕಂದು ಹನಿ ರಕ್ತವಲ್ಲ, ಗೂಡಿನೊಳಗಿನ ಕಸ. ಮೂರು ನಾಲ್ಕು ಗಂಟೆ ಬಿಟ್ಟು, ಬಿಸಿಲಿರುವಾಗ, ಎಕ್ಕದ ಗಿಡವಿದ್ದಲ್ಲೇ ಬಿಡಿ.

ಮ್ಯಾಂಟಿಸ್

ಮುಂಗಾಲನ್ನು ಕೈಮುಗಿದಂತೆ ಮಡಚಿ ಕೂರುವ ಮ್ಯಾಂಟಿಸ್ ಪೊರೆ ಬಿಡುವುದು ತಲೆಕೆಳಗಾಗಿ ತೂಗಿಕೊಂಡು. ಹಳೆಯ ಚರ್ಮದಿಂದ ಕೆಳಗೆ ಜಾರಿ ಇಳಿಯಲು ತನ್ನದೇ ಉದ್ದದಷ್ಟು ಖಾಲಿ ಜಾಗ ಬೇಕು. ಅದಕ್ಕೇ ಡಬ್ಬದ ಎತ್ತರ ಮೈಯುದ್ದದ ಕನಿಷ್ಠ ಮೂರು ಪಟ್ಟು, ಅಗಲ ಎರಡು ಪಟ್ಟು ಇರಲಿ. ಮುಚ್ಚಳ ನುಣುಪಾಗಿದ್ದರೆ ಉಗುರು ಸಿಗದೆ ನಡುವೆಯೇ ಬೀಳುತ್ತದೆ. ಬಿದ್ದರೆ ಕಾಲು ಸೊಟ್ಟಗಾಗಿ ಗಟ್ಟಿಯಾಯಿತೆಂದೇ ಲೆಕ್ಕ. ಮರಿಯಾಗಿದ್ದರೆ ಕಳೆದುಕೊಂಡ ಕಾಲು ಮುಂದಿನ ಪೊರೆಗಳಲ್ಲಿ ಮತ್ತೆ ಬೆಳೆದೀತು. ರೆಕ್ಕೆ ಬಂದ ಮೇಲೆ ಆ ಅವಕಾಶವಿಲ್ಲ.

ಒಂದು ಡಬ್ಬಕ್ಕೆ ಒಂದೇ. ಮೊಟ್ಟೆಗೂಡಿನಿಂದ ಒಟ್ಟಿಗೆ ಬಂದ ಮರಿಗಳೂ ಮೊದಲ ವಾರದಲ್ಲೇ ಪರಸ್ಪರ ತಿನ್ನತೊಡಗುತ್ತವೆ. ಮರಿಗೆ ಕೊಳೆತ ಬಾಳೆಹಣ್ಣಿಗೆ ಮುತ್ತುವ ಸಣ್ಣ ಡ್ರೊಸೊಫಿಲ ನೊಣ ಸರಿಯಾದ ಆಹಾರ. ಅಗಲ ಬಾಯಿಯ ಸೀಸೆಯಲ್ಲಿ ಅರ್ಧ ಬಾಳೆಹಣ್ಣು ಹಾಕಿ ಒಂದು ದಿನ ತೆರೆದಿಟ್ಟು, ನಂತರ ಬಟ್ಟೆ ಕಟ್ಟಿ. 25 ಡಿಗ್ರಿ ಸುಮಾರಿಗೆ ಹತ್ತು ಹನ್ನೆರಡು ದಿನದಲ್ಲಿ ಹೊಸ ನೊಣ ಸಿಗುತ್ತದೆ. ಬೆಳೆದಂತೆ ಮನೆನೊಣ, ಸಣ್ಣ ಮಿಡತೆ. ಬೇಟೆ ಮ್ಯಾಂಟಿಸ್‌ನ ಅರ್ಧ ಉದ್ದ ಮೀರಬಾರದು. ಮರಿಗೆ ದಿನಬಿಟ್ಟು ದಿನ, ದೊಡ್ಡದಕ್ಕೆ ಎರಡು ಮೂರು ದಿನಕ್ಕೊಮ್ಮೆ ಕೊಟ್ಟರೆ ಸಾಕು. ಗೋಡೆಗೆ ದಿನಕ್ಕೊಮ್ಮೆ ನಾಲ್ಕು ಹನಿ ನೀರು ಸಿಂಪಡಿಸಿ, ಕುಡಿಯುವುದು ಅದನ್ನೇ.

ಊಟ ಬಿಟ್ಟು, ಬೆನ್ನ ಮೇಲಿನ ರೆಕ್ಕೆಮೊಗ್ಗು ಊದಿ, ಮುಚ್ಚಳಕ್ಕೆ ತೂಗಿ ಕೂತರೆ ಜ್ವರ ಹತ್ತಿರ. ಕೂಡಲೇ ತಿನ್ನದೆ ಉಳಿದ ಬೇಟೆಯನ್ನೆಲ್ಲ ತೆಗೆಯಿರಿ. ಉಳಿದ ಒಂದು ಜೀರುಂಡೆಹುಳ ಪೊರೆ ಬಿಡುತ್ತಿರುವ ಮೆತ್ತನೆಯ ಮೈಯನ್ನು ಕಡಿದು ಹಾಕಬಲ್ಲದು. ಬೇಟೆಗಾರನೇ ಊಟವಾಗುವ ಹೊತ್ತದು. ಚರ್ಮ ಸಿಕ್ಕಿಕೊಂಡರೆ ಎಳೆಯಬೇಡಿ, ಒದ್ದೆಬಟ್ಟೆಯನ್ನು ಮುಚ್ಚಳದ ಅರ್ಧಕ್ಕೆ ಹೊದಿಸಿ ಕಾಯಿರಿ. ಕಳಚಿದ ಮೇಲೂ ಒಂದು ಪೂರ್ತಿ ದಿನ ಊಟವಿಲ್ಲ, ಮುಟ್ಟುವುದೂ ಇಲ್ಲ. ಹೆಣ್ಣೋ ಗಂಡೋ ತಿಳಿಯಬೇಕೆ? ಹೊಟ್ಟೆಯ ಕೆಳಭಾಗದ ಪಟ್ಟಿ ಎಣಿಸಿ: ಆರಿದ್ದರೆ ಹೆಣ್ಣು, ಎಂಟಿದ್ದರೆ ಗಂಡು.

ಸಹಸ್ರಪದಿ

ಮಳೆಗಾಲದಲ್ಲಿ ಎಲ್ಲೆಂದರಲ್ಲಿ ಕಾಣುವ, ಮುಟ್ಟಿದರೆ ಚಕ್ಕುಲಿಯಂತೆ ಸುತ್ತಿಕೊಳ್ಳುವ ಇದು ಕಚ್ಚುವುದಿಲ್ಲ. ಮೈಯ ಬಹುತೇಕ ಖಂಡಗಳಿಗೆ ಎರಡೆರಡು ಜೊತೆ ಕಾಲು. ಜರಿಗೆ ಒಂದೇ ಜೊತೆ. (ಹೆಸರಿಗೆ ತಕ್ಕಂತೆ ಸಾವಿರ ಕಾಲು ದಾಟಿದ್ದು ಸಿಕ್ಕಿದ್ದು 2021ರಲ್ಲಿ, ಆಸ್ಟ್ರೇಲಿಯದ ನೆಲದಾಳದಲ್ಲಿ: 1,306 ಕಾಲು.) ಬೆದರಿದಾಗ ಬಿಡುವ ರಸ ಚರ್ಮಕ್ಕೆ ಕಂದು ಕಲೆ ಹಚ್ಚುತ್ತದೆ, ಕಣ್ಣಿಗೆ ಉರಿ ತರುತ್ತದೆ.

ಇದಕ್ಕೆ ಮಣ್ಣೇ ಮನೆ, ಮಣ್ಣೇ ಊಟ. ನಾಲ್ಕು ಪಾಲು ಪುಡಿಯಾಗತೊಡಗಿದ ತರಗೆಲೆ, ಮೂರು ಪಾಲು ಕೈಯಲ್ಲಿ ಹಿಸುಕಿದರೆ ಮುರಿಯುವಷ್ಟು ಕೊಳೆತ ಬಿಳಿಚು ಮರ, ಮೂರು ಪಾಲು ತೋಟದ ಮಣ್ಣು, ಹಿಡಿಯಷ್ಟು ಮೊಟ್ಟೆಚಿಪ್ಪಿನ ಪುಡಿ. ನೀಲಗಿರಿ, ಪೈನ್ ಮರ ಬೇಡ. ಮಲೆನಾಡಿನವರು ಅಡಿಕೆ ತೋಟದ ತರಗೆಲೆ ತರುವ ಮುನ್ನ ಯೋಚಿಸಿ: ಕೊಳೆರೋಗಕ್ಕೆ ಹೊಡೆದ ಬೋರ್ಡೋ ದ್ರಾವಣದ ಮೈಲುತುತ್ತ, ಅಂದರೆ ತಾಮ್ರ, ಅದರಲ್ಲಿ ಉಳಿದಿರುತ್ತದೆ. ಮಿಶ್ರಣದ ಮೇಲೆ ಕುದಿಯುವ ನೀರು ಸುರಿದು ಆರಿಸಿದರೆ ಇರುವೆ, ಜರಿಮರಿಗಳು ಹೋಗುತ್ತವೆ. ಆಳ ಕನಿಷ್ಠ ಜೀವಿಯ ಉದ್ದದಷ್ಟು. ಹತ್ತು ಸೆಂಟಿಮೀಟರಿನದಕ್ಕೆ ಹತ್ತು ಸೆಂಟಿಮೀಟರ್. ಒಂದು ಬದಿಗೆ ಮಾತ್ರ ನೀರು ಹಾಕಿ, ಇನ್ನೊಂದು ಬದಿ ಒಣಗಲಿ. ತನಗೆ ಬೇಕಾದ ಕಡೆ ಅದೇ ಹೋಗುತ್ತದೆ.

ವಾರಕ್ಕೊಮ್ಮೆ ಸೌತೆಕಾಯಿ ಬಿಲ್ಲೆ ಕೊಟ್ಟು ಮರುದಿನ ತೆಗೆಯಿರಿ. ಎರಡು ಮೂರು ವಾರ ಕಾಣಿಸದಿದ್ದರೆ ಸತ್ತಿದೆಯೋ ಏನೋ ಎಂದು ಮಣ್ಣು ಕೆದಕುವುದೇ ಇದನ್ನು ಸಾಕುವವರ ಸಾಮಾನ್ಯ ತಪ್ಪು. ಮಣ್ಣೊಳಗೆ ಗೂಡು ಮಾಡಿಕೊಂಡು ಜ್ವರಕ್ಕೆ ಕೂತಿರುತ್ತದೆ, ಗೂಡು ಒಡೆದರೆ ಉಳಿಯುವುದಿಲ್ಲ. ಸತ್ತಿದ್ದರೆ ವಾಸನೆಯೇ ಹೇಳುತ್ತದೆ.

ಎರೆಹುಳು

ಉದ್ದ 60, ಅಗಲ 45, ಎತ್ತರ 30 ಸೆಂಟಿಮೀಟರಿನ ಕ್ರೇಟಿಗೆ ಅರ್ಧ ಕಿಲೋ ಹುಳು ಸಾಕು. ತೋಟದ ಆಳದ ಎರೆಹುಳು ಡಬ್ಬದಲ್ಲಿ ನಿಲ್ಲುವುದಿಲ್ಲ. ಗೊಬ್ಬರದಲ್ಲೇ ಬದುಕುವ ಐಸೀನಿಯ ಫೆಟಿಡ, ಯೂಡ್ರಿಲಸ್ ಅಥವಾ ನಮ್ಮದೇ ಪೆರಿಯೊನಿಕ್ಸ್ ಬೇಕು. ತೆಂಗಿನ ನಾರಿನ ಪುಡಿಯಲ್ಲಿ ಉಪ್ಪಿನಂಶ ಇರುವುದರಿಂದ ಎರಡು ಮೂರು ನೀರಲ್ಲಿ ತೊಳೆದು ಒಂದು ಗೇಣು ಹಾಸಿ. ಮೇಲೆ 15–20 ದಿನ ಹಳೆಯ ಸಗಣಿ. ಹಸಿ ಸಗಣಿ ಒಳಗೇ ಬಿಸಿಯೇರಿ, ಒಂದೇ ರಾತ್ರಿಯಲ್ಲಿ ಹುಳುವನ್ನೆಲ್ಲ ಗೋಡೆ ಹತ್ತಿಸಿಬಿಡುತ್ತದೆ.

ಹಾಸಿಗೆಯನ್ನು ಮುಷ್ಟಿಯಲ್ಲಿ ಹಿಂಡಿದಾಗ ಎರಡು ಮೂರು ಹನಿ ಬಿದ್ದರೆ ತೇವ ಸರಿ. ಧಾರೆಯಾಗಿ ಇಳಿದರೆ ಒಣ ಕಾಗದದ ಚೂರು ಬೆರೆಸಿ, ಏನೂ ಬೀಳದಿದ್ದರೆ ನೀರು ಚಿಮುಕಿಸಿ. ಒಂದು ವಾರ ನೆಲೆನಿಂತ ಮೇಲೆ ದಿನಕ್ಕೆ 200–250 ಗ್ರಾಂ ತರಕಾರಿ ಸಿಪ್ಪೆ. ಹಿಂದಿನದು ಕರಗುವ ಮೊದಲು ಹೊಸದು ಬೇಡ. ಉಪ್ಪಿನಕಾಯಿ, ಒಗ್ಗರಣೆಯ ಎಣ್ಣೆ, ಮೆಣಸಿನಕಾಯಿ, ಹೆಚ್ಚಿನ ನಿಂಬೆಸಿಪ್ಪೆ ಕೂಡದು. ಅಮೋನಿಯದ ಘಾಟು ಬಂದರೆ ಆಹಾರ ಹೆಚ್ಚಾಗಿದೆ ಎಂದರ್ಥ. ಇರುವೆ ಬಂದರೆ ಕ್ರೇಟಿನ ಕಾಲುಗಳನ್ನು ನೀರಿನ ಬಟ್ಟಲಲ್ಲಿಡಿ, ಪುಡಿಗಿಡಿ ಹಾಕಬೇಡಿ.

ಮನೆಯೊಳಗಿನ ವಿಷ

ಎಲ್ಲ ಸರಿಯಿದ್ದೂ ಒಂದೇ ದಿನ ಡಬ್ಬವೆಲ್ಲ ಸತ್ತಿದ್ದರೆ ಕಾರಣವನ್ನು ಡಬ್ಬದ ಹೊರಗೆ ಹುಡುಕಿ. ಸೊಳ್ಳೆಬತ್ತಿ, ಗೋಡೆಗೆ ಚುಚ್ಚುವ ಸೊಳ್ಳೆ ಯಂತ್ರ, ಜಿರಲೆ ಸ್ಪ್ರೇ ಇವುಗಳಲ್ಲಿರುವ ಪೈರೆಥ್ರಾಯ್ಡ್ ಎಂಬ ಕೀಟನಾಶಕ ಸೊಳ್ಳೆಗೂ ನಿಮ್ಮ ಮರಿಹುಳುವಿಗೂ ಭೇದ ಮಾಡುವುದಿಲ್ಲ. ಆ ಕೋಣೆಯಲ್ಲಿ ಅವು ಬೇಡ, ರಾತ್ರಿ ಸೊಳ್ಳೆಪರದೆ ಕಟ್ಟಿಕೊಳ್ಳಿ. ಊದುಬತ್ತಿಯ ಹೊಗೆ, ನ್ಯಾಫ್ತಲಿನ್ ಗುಳಿಗೆಯೂ ದೂರವಿರಲಿ. ನಾಯಿಗೆ ಉಣ್ಣೆಯ ಔಷಧಿ ಹಚ್ಚಿದ ಕೈಯಿಂದ ಆ ದಿನ ಡಬ್ಬ ಮುಟ್ಟಬಾರದು.

ಅಕ್ವೇರಿಯಂನಲ್ಲಿ ಸಿಗಡಿ, ನೀರುಬಸವನಹುಳು ಸಾಕುವವರಿಗೆ ಅದೇ ಮೈಲುತುತ್ತದ ಎಚ್ಚರಿಕೆ ಇನ್ನೂ ಗಟ್ಟಿಯಾಗಿ ಅನ್ವಯ. ಮೀನಿನ ಕಾಯಿಲೆಗೆ ಮಾರುವ ಔಷಧಿಗಳಲ್ಲಿ ಹಲವು ತಾಮ್ರದವು; ಮೀನು ಬದುಕುತ್ತದೆ, ಸಿಗಡಿ ಸಾಯುತ್ತದೆ. ಅಂಥ ಔಷಧಿಯನ್ನು ಮೀನಿಗೆ ಬೇರೆ ತೊಟ್ಟಿಯಲ್ಲೇ ಕೊಡಿ. ತಾಮ್ರದ ಬಿಂದಿಗೆಯಲ್ಲಿ ರಾತ್ರಿಯಿಡೀ ಇಟ್ಟ ನೀರನ್ನೂ ಆ ತೊಟ್ಟಿಗೆ ಸುರಿಯಬೇಡಿ. ನಲ್ಲಿ ನೀರನ್ನು ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಒಂದು ಪೂರ್ತಿ ದಿನ ತೆರೆದಿಟ್ಟು ಕ್ಲೋರಿನ್ ಹೋದ ಮೇಲೆ ಹಾಕಿ, ಅದೂ ವಾರಕ್ಕೆ ತೊಟ್ಟಿಯ ಐದನೇ ಒಂದು ಪಾಲು ಮಾತ್ರ. ಒಮ್ಮೆಗೇ ಪೂರ್ತಿ ನೀರು ಬದಲಿಸಿದರೆ ಸಿಗಡಿ ಅಕಾಲದಲ್ಲಿ ಪೊರೆ ಬಿಡಲು ಹೋಗಿ, ಕುತ್ತಿಗೆಯ ಹಿಂದೆ ಬಿಳಿ ಉಂಗುರ ಕಾಣಿಸಿಕೊಂಡು, ಅಲ್ಲೇ ಸಿಕ್ಕಿ ಸಾಯುತ್ತದೆ.